ಫೇಶಿಯಾ ಚಿಕಿತ್ಸೆಯ ತರಬೇತಿ: ಎರಡು ದಿನದ ಪ್ರಮಾಣಪತ್ರದ ಹಿಂದಿನ ಕಥೆ

ಕಲಬುರಗಿಯ ಸೇಡಂ ರಸ್ತೆಯಲ್ಲಾಗಲಿ ಬೀದರಿನ ಉದಗೀರ ರಸ್ತೆಯಲ್ಲಾಗಲಿ ಫಿಜಿಯೋಥೆರಪಿ ಕ್ಲಿನಿಕ್‌ಗಳ ಫಲಕಗಳಲ್ಲಿ ಈಗ ಬಿಪಿಟಿ, ಎಂಪಿಟಿ ಎಂಬ ಸ್ನಾತಕ, ಸ್ನಾತಕೋತ್ತರ ಪದವಿಗಳ ಜೊತೆಗೆ ಎಂಎಫ್‌ಆರ್, ಕಪ್ಪಿಂಗ್, ಡ್ರೈ ನೀಡ್ಲಿಂಗ್ ಮುಂತಾದ ಹೆಸರುಗಳೂ ಕಾಣಸಿಗುತ್ತವೆ. ಎಂಎಫ್‌ಆರ್ ಅಂದರೆ ಮಯೋಫೇಶಿಯಲ್ ರಿಲೀಸ್. ಫೇಶಿಯಾ ಎಂಬ ಪೊರೆಯನ್ನು ಕೈಯಿಂದ ಒತ್ತಿ, ನಿಧಾನವಾಗಿ ಎಳೆದು ನೋವು ಮತ್ತು ಬಿಗಿತವನ್ನು ತಗ್ಗಿಸುವ ವಿಧಾನ. ಪದವಿಯನ್ನು ಕೊಟ್ಟದ್ದು ವಿಶ್ವವಿದ್ಯಾಲಯ. ಉಳಿದ ಅಕ್ಷರಗಳನ್ನು ಕೊಟ್ಟವರು ಯಾರು, ಎಷ್ಟು ದಿನ ಕಲಿಸಿ ಕೊಟ್ಟರು ಎಂಬುದು ಫಲಕದಿಂದ ತಿಳಿಯುವುದಿಲ್ಲ, ರೋಗಿಯೂ ಕೇಳುವುದಿಲ್ಲ. ಫಿಜಿಯೋಥೆರಪಿಯಂಥ ವೃತ್ತಿಗಳನ್ನು ನಿಯಂತ್ರಿಸುವ 2021ರ ಕೇಂದ್ರ ಕಾಯ್ದೆ ಬಂದ ಮೇಲೆ ಈ ಪ್ರಶ್ನೆ ಬಗೆಹರಿಯುವುದೆಂಬ ನಿರೀಕ್ಷೆಯಿತ್ತು. ಸದ್ಯಕ್ಕೆ ಅದು ಇನ್ನಷ್ಟು ಗೋಜಲಾಗಿದೆ.

ಫೇಶಿಯಾ ನಮ್ಮ ಕಣ್ಣಿಗೆ ಬೀಳದ ವಸ್ತುವೇನಲ್ಲ. ಕುರಿಮಾಂಸವನ್ನು ಹಸನು ಮಾಡುವಾಗ ಕತ್ತಿಗೆ ಸಿಗುವ ಬಿಳಿಯ ತೆಳುಪೊರೆಯೇ ಅದು. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿಂದ ಹೆಣೆದ ಈ ಪೊರೆ ಮನುಷ್ಯ ದೇಹದಲ್ಲಿಯೂ ಪ್ರತಿ ಸ್ನಾಯುವನ್ನು ಸುತ್ತುವರಿದು ಅಕ್ಕಪಕ್ಕದ ಸ್ನಾಯುಗಳನ್ನು ಜೋಡಿಸುತ್ತದೆ. ನಡದ ಹಿಂಭಾಗದಲ್ಲಿ ಅಗಲವಾದ ಹಾಳೆಯಂತೆ ಹರಡಿಕೊಂಡರೆ ಅಂಗಾಲಿನಲ್ಲಿ ದಪ್ಪ ಪಟ್ಟಿಯಾಗುತ್ತದೆ. ಅಂಗರಚನಾ ಶಾಸ್ತ್ರದ ಕೊಠಡಿಯಲ್ಲಿ ಮಾತ್ರ ಬಹುಕಾಲ ಇದನ್ನು ಸ್ನಾಯು, ನರಗಳಿಗೆ ಅಡ್ಡವಾದ ಪೊರೆಯೆಂದು ಬಗೆದು ಕೆರೆದು ತೆಗೆಯುತ್ತಿದ್ದರು. ತರಗತಿಯಲ್ಲಿ ಹೀಗೆ ಬದಿಗೆ ಸರಿದ ವಿಷಯ ತರಗತಿಯ ಹೊರಗೆ ಬೆಳೆಯಿತು.

ಹೊರಗೆ ಬೆಳೆದ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಎಲುಬು, ಸ್ನಾಯುಗಳನ್ನು ಕೈಯಿಂದ ಸರಿಪಡಿಸುವ ಆಸ್ಟಿಯೋಪಥಿ ಪದ್ಧತಿಯನ್ನು ರೂಪಿಸಿದ ಆಂಡ್ರ್ಯೂ ಟೇಲರ್ ಸ್ಟಿಲ್ 1892ರಲ್ಲಿ ಅಮೆರಿಕದ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ಜರ್ಮನಿಯ ಎಲಿಸಬೆತ್ ಡಿಕೆ 1929ರ ಹೊತ್ತಿಗೆ ತಮ್ಮದೇ ಕಾಲಿನ ಕಾಯಿಲೆಯ ಅನುಭವದಿಂದ ಸಂಯೋಜಕ ಅಂಗಾಂಶದ ಮಾಲೀಶನ್ನು ಕಂಡುಕೊಂಡರು. ಜೀವರಸಾಯನ ವಿಜ್ಞಾನಿ ಐಡಾ ರಾಲ್ಫ್ ಹತ್ತು ಸರದಿಗಳ ಚಿಕಿತ್ಸಾಕ್ರಮವೊಂದನ್ನು ಕಟ್ಟಿ, 1971ರಲ್ಲಿ ಅದಕ್ಕೊಂದು ಸಂಸ್ಥೆ ಮಾಡಿದರು. ಮುಂದೆ ಅಮೆರಿಕದ ಜಾನ್ ಬಾರ್ನ್ಸ್, ಇಟಲಿಯ ಲುಯಿಜಿ ಸ್ಟೆಕ್ಕೊ ಇಬ್ಬರೂ ತಮ್ಮ ತಮ್ಮ ಪದ್ಧತಿಗಳನ್ನು ಹಂತಹಂತದ ತರಬೇತಿಗಳಾಗಿಸಿ ಹಲವು ದೇಶಗಳಿಗೆ ಒಯ್ದರು. ಇವರೆಲ್ಲರ ವಿವರಣೆಗಳು ಬೇರೆ ಬೇರೆಯಾಗಿದ್ದರೂ ವ್ಯವಸ್ಥೆ ಮಾತ್ರ ಹೆಚ್ಚುಕಡಿಮೆ ಒಂದೇ: ವಿಧಾನವನ್ನು ಕಟ್ಟಿದ ಬಳಗವೇ ಅದನ್ನು ಕಲಿಸುತ್ತದೆ, ಪರೀಕ್ಷಿಸುತ್ತದೆ, ಪ್ರಮಾಣಪತ್ರವನ್ನೂ ಕೊಡುತ್ತದೆ.

ನಮ್ಮ ಸೀಮೆಯಲ್ಲಿ ಕೈಚಿಕಿತ್ಸೆಗೆ ಬೇರೆಯದೇ ಬೇರುಗಳಿದ್ದವು. ತಾಲೀಮಿನ ಉಸ್ತಾದರು ಪೈಲ್ವಾನರ ಮೈ ತಿಕ್ಕಿ ಉಳುಕು ತೆಗೆಯುತ್ತಿದ್ದರು. ಯುನಾನಿ ಹಕೀಮರಿಗೆ ದಲಕ್ ಎಂಬ ಮರ್ದನಕ್ರಮವಿತ್ತು. ಕಲಬುರಗಿ, ಬೀದರಗಳ ಆಯುರ್ವೇದ ಕಾಲೇಜುಗಳಲ್ಲಿ ಅಭ್ಯಂಗ ಪಾಠದ ಭಾಗವಾಗಿಯೇ ಉಳಿದಿದೆ. ಇತ್ತೀಚೆಗೆ ಸುಶ್ರುತ ಹೇಳಿದ, ಮಾಂಸವನ್ನು ಹಿಡಿದಿಡುವ ‘ಮಾಂಸಧರಾ ಕಲಾ’ ಎಂಬ ಪೊರೆಯೇ ಫೇಶಿಯಾ ಎನ್ನುವವರೂ ಇದ್ದಾರೆ, ಆದರೆ ಹಾಗೆ ಸಮೀಕರಿಸಿದ ಮಾತ್ರಕ್ಕೆ ಕೈಗೆ ಕೌಶಲ ಬರುವುದಿಲ್ಲ. ಫಿಜಿಯೋಥೆರಪಿ ಇವುಗಳಿಂದ ಪ್ರತ್ಯೇಕವಾಗಿ, 1950ರ ದಶಕದಲ್ಲಿ ಪೋಲಿಯೊ ಹಾವಳಿಯ ಹಿನ್ನೆಲೆಯಲ್ಲಿ ಮುಂಬೈ ಮೂಲಕ ದೇಶಕ್ಕೆ ಬಂತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಬಿಪಿಟಿ ಕೋರ್ಸುಗಳು ಅದರ ಅಡಿಗೆ ಬಂದವು: ನಾಲ್ಕು ವರ್ಷದ ಓದು, ಆರು ತಿಂಗಳ ಇಂಟರ್ನ್‌ಶಿಪ್. ಕೀಲುಗಳನ್ನು ಕೈಯಿಂದ ಸಡಿಲಿಸುವ ಮೇಟ್‌ಲ್ಯಾಂಡ್, ಮಲ್ಲಿಗನ್ ಪದ್ಧತಿಗಳ ಪರಿಚಯ ಈ ಓದಿನಲ್ಲಿ ಆಗುತ್ತದೆ, ಆದರೆ ಫೇಶಿಯಾದ ಪಾಲಿಗೆ ಸಿಗುವ ತಾಸುಗಳು ಕಡಿಮೆ.

ಈ ಕೊರತೆಯನ್ನು ತುಂಬಲು ಬಂದದ್ದು ಕಾರ್ಯಾಗಾರ, ಅದರ ಬಗ್ಗೆ ತುಸು ವಿವರವಾಗಿಯೇ ಹೇಳಬೇಕಾಗುತ್ತದೆ. ಶನಿವಾರ, ಭಾನುವಾರದ ಎರಡು ದಿನ ಹೈದರಾಬಾದ್, ಪುಣೆ ಅಥವಾ ಬೆಂಗಳೂರಿನ ಹೋಟೆಲಿನ ಸಭಾಂಗಣದಲ್ಲಿ ತರಬೇತಿ ನಡೆಯುತ್ತದೆ. ಇಲ್ಲಿಂದ ಹೋಗುವವರು ಶುಕ್ರವಾರ ರಾತ್ರಿಯ ರೈಲು ಹಿಡಿದು, ಶುಲ್ಕವಲ್ಲದೆ ಊಟ ವಸತಿಗೂ ಖರ್ಚು ಮಾಡಿ, ಸೋಮವಾರ ಬೆಳಿಗ್ಗೆ ಮತ್ತೆ ಕ್ಲಿನಿಕ್ಕಿನ ಬಾಗಿಲು ತೆರೆಯುತ್ತಾರೆ. ಸಂಬಳ ಕಡಿಮೆಯಿರುವ, ಪೈಪೋಟಿ ಹೆಚ್ಚಿರುವ ವೃತ್ತಿಯಲ್ಲಿ ಯುವಕ ಯುವತಿಯರು ಇದಕ್ಕೆ ಮುಗಿಬೀಳುವುದನ್ನು ಆಕ್ಷೇಪಿಸುವಂತಿಲ್ಲ. ಕಲಿಸುವವರಲ್ಲಿ ನಿಜವಾಗಿಯೂ ನುರಿತ ಕೈಯವರಿದ್ದಾರೆ, ಅವರ ಒಂದು ಪ್ರಾತ್ಯಕ್ಷಿಕೆಯೇ ಕಾಲೇಜಿನ ಹಲವು ತರಗತಿಗಳಿಗಿಂತ ಹೆಚ್ಚು ಕಲಿಸಬಲ್ಲದು.

ತೊಂದರೆ ಇರುವುದು ಅಭ್ಯಾಸದ ರೀತಿಯಲ್ಲಿ. ಶಿಬಿರಾರ್ಥಿಗಳು ಇಬ್ಬಿಬ್ಬರಾಗಿ, ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಕೈ ಪಳಗಿಸಿಕೊಳ್ಳುತ್ತಾರೆ. ಆ ಬೆನ್ನುಗಳೆಲ್ಲ ಬಹುಪಾಲು ಇಪ್ಪತ್ತು, ಇಪ್ಪತ್ತೈದರ ಪ್ರಾಯದ ಆರೋಗ್ಯವಂತರವು. ಸೋಮವಾರ ಕ್ಲಿನಿಕ್ಕಿಗೆ ಬರುವವರು ತೊಗರಿ ರಾಶಿಯಲ್ಲಿ ಬಗ್ಗಿ ದುಡಿದು ನಡ ಹಿಡಿದಿರುವ ಐವತ್ತೈದರ ಹೆಂಗಸು, ಶಹಾಬಾದಿನ ಕಲ್ಲುಗಣಿಯಲ್ಲಿ ಹೊರೆ ಹೊತ್ತವರು, ಕಟ್ಟಡ ಕೆಲಸಕ್ಕೆಂದು ಗುಳೆ ಹೋಗಿ ಯಾದಗಿರಿಗೆ ಮರಳಿದವರು. ಬೆನ್ನು ಬಿಗಿದಿದೆ ಎಂದು ಇವರೆಲ್ಲರೂ ಹೇಳಿದರೂ ಕಾರಣ ಒಂದೇ ಆಗಿರಬೇಕಿಲ್ಲ. ಈ ಜಿಲ್ಲೆಗಳ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ, ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನುಮೂಳೆ ಎಲುಬಿನ ದೋಷದಿಂದಲೇ ಬಿಗಿಯಬಹುದು. ರಾತ್ರಿ ಜ್ವರ, ತೂಕ ಇಳಿಕೆಯೊಂದಿಗೆ ಬರುವ ಬೆನ್ನುನೋವು ಬೆನ್ನುಮೂಳೆಯ ಕ್ಷಯವಾಗಿರಬಹುದು. ಊದಿಕೊಂಡ ಮೀನಖಂಡದೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಒತ್ತುವುದೇ ಅಪಾಯ. ಬಹುಕಾಲ ಸ್ಟೆರಾಯ್ಡ್ ಸೇವಿಸಿ ಎಲುಬು ಟೊಳ್ಳಾದವರಿಗೂ ಅಷ್ಟೇ. ಯಾರನ್ನು ಒತ್ತಬಾರದು ಎಂಬ ತೀರ್ಮಾನ ಬರುವುದು ಮೇಲ್ವಿಚಾರಕರ ಎದುರು ನೂರಾರು ರೋಗಿಗಳನ್ನು ಮುಟ್ಟಿ ನೋಡಿದ ಮೇಲೆಯೇ. ಮುಟ್ಟುವ ಮುನ್ನ ಏನು ಮಾಡಲಿದ್ದೇವೆಂದು ಕನ್ನಡದಲ್ಲಿಯೋ ಇಲ್ಲಿನ ದಖನಿ ಉರ್ದುವಿನಲ್ಲಿಯೋ ತಿಳಿಸಿ ಒಪ್ಪಿಗೆ ಪಡೆಯುವುದು, ಮಹಿಳೆಯರಿಗೆ ಪರದೆಯ ಏರ್ಪಾಡು ಮಾಡುವುದು ಇವೂ ಅದೇ ಕಲಿಕೆಯ ಭಾಗ, ಆದರೆ ಇಂಗ್ಲಿಷಿನಲ್ಲಿ ಸಾಗುವ ಎರಡು ದಿನಗಳಲ್ಲಿ ಇವುಗಳಿಗೆ ಬಿಡುವು ಸಿಗುವುದು ಅಪರೂಪ.

ಇಷ್ಟರ ನಡುವೆ ವಿಜ್ಞಾನವೂ ಸುಮ್ಮನಿರಲಿಲ್ಲ. 2007ರಲ್ಲಿ ಬೋಸ್ಟನ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಫೇಶಿಯಾ ಸಂಶೋಧನಾ ಸಮ್ಮೇಳನ ನಡೆದ ಮೇಲೆ ಈ ಕ್ಷೇತ್ರಕ್ಕೆ ಮಾನ್ಯತೆ ಬಂತು. ಮರುವರ್ಷವೇ ಪ್ರಕಟವಾದ ಗಣಿತಾಧಾರಿತ ಅಧ್ಯಯನವೊಂದು, ಅಂಗಾಲು ಮತ್ತು ತೊಡೆಯ ಹೊರಬದಿಯ ಗಟ್ಟಿ ಫೇಶಿಯಾವನ್ನು ಶೇ 1ರಷ್ಟು ಒತ್ತಿ ಕುಗ್ಗಿಸಲು ಸಹ ಮನುಷ್ಯನ ಕೈಗೆ ನಿಲುಕದ ಬಲ ಬೇಕೆಂದು ತೋರಿಸಿತು. ನೋವು ಇಳಿಯುವುದಿಲ್ಲವೆಂದು ಇದರ ಅರ್ಥವಲ್ಲ. ಪೊರೆಯಲ್ಲಿರುವ ನರತುದಿಗಳ ಮೂಲಕ ನೋವಿನ ಅನುಭವ ಬದಲಾಗುತ್ತದೆಂಬ ವಿವರಣೆಗೆ ಈಗ ಹೆಚ್ಚು ಒಪ್ಪಿಗೆಯಿದೆ. ರೋಗಿಗಳ ಮೇಲಿನ ಪ್ರಯೋಗಗಳು ಹೆಚ್ಚಾಗಿ ಚಿಕ್ಕವು, ಕಂಡ ಲಾಭವೂ ಬಹುಮಟ್ಟಿಗೆ ಅಲ್ಪಕಾಲದ್ದು. ಹೀಗಿದ್ದೂ ಗಂಟುಬಿದ್ದ ಪೊರೆಯನ್ನು ಬಿಡಿಸುತ್ತೇವೆ ಎಂಬ ಹಳೆಯ ಮಾತೇ ಜಾಹೀರಾತುಗಳಲ್ಲಿ ಉಳಿದುಕೊಂಡಿದೆ.

ಕಾನೂನಿನ ಕಡೆಗೆ ಬಂದರೆ, ಫಿಜಿಯೋಥೆರಪಿಗೆ ದೇಶದಾದ್ಯಂತ ಅನ್ವಯಿಸುವ ನಿಯಂತ್ರಣ ಸಂಸ್ಥೆಯೊಂದು ದೊರೆತದ್ದು 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆಯಿಂದ. ಆರೋಗ್ಯ ಸೇವಾ ವೃತ್ತಿಪರರ ಪದವಿಗೆ ಕನಿಷ್ಠ 3,600 ತಾಸುಗಳ ಶಿಕ್ಷಣ ಬೇಕೆಂದು ಅದು ಹೇಳುತ್ತದೆ. ವಾರಾಂತ್ಯದ ಶಿಬಿರ ದಿನಕ್ಕೆ ಎಂಟು ತಾಸು ನಡೆದರೂ ಹದಿನಾರು ದಾಟುವುದಿಲ್ಲ. ಆದರೆ ಕಾಯ್ದೆ ನೋಂದಾಯಿಸುವುದು ವೃತ್ತಿಪರರನ್ನು. ನೋಂದಾಯಿತರು ತಮ್ಮ ವೃತ್ತಿಯೊಳಗೆ ಕಲಿಯುವ ಒಂದೊಂದು ವಿಧಾನದ ಪ್ರಮಾಣಪತ್ರಕ್ಕೂ ತೂಕ ಕಟ್ಟುವ ಏರ್ಪಾಡು ಅದರಲ್ಲಿಲ್ಲ. ಗೋಜಲು ಇರುವುದು ಇಲ್ಲಿಯೇ.

2025ರಲ್ಲಿ ಹೊರಬಂದ ಏಕರೂಪ ಪಠ್ಯಕ್ರಮ ಬಿಪಿಟಿಯನ್ನು ಐದು ವರ್ಷಕ್ಕೆ ಹಿಗ್ಗಿಸಿ, ಅದರಲ್ಲಿ ಒಂದು ವರ್ಷವನ್ನು ಇಂಟರ್ನ್‌ಶಿಪ್‌ಗೆ ಮೀಸಲಿಟ್ಟಿದೆ. ಬೀದರ, ಕಲಬುರಗಿ, ಯಾದಗಿರಿ ಮೂರರಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿರುವುದರಿಂದ ಕೈ ಪಳಗಿಸಲು ಬೇಕಾದ ರೋಗಿಗಳು ಇಲ್ಲಿಯೇ ಇದ್ದಾರೆ. ಅವರ ಬಳಿ ನಿಂತು ತಿದ್ದುವ ಹಿರಿಯ ಫಿಜಿಯೋಥೆರಪಿಸ್ಟರ ಹುದ್ದೆಗಳು ಬೇಕು. ಹಳೆಯ ಕ್ರಮದಲ್ಲಿ ಓದುತ್ತಿರುವವರು ಆರು ತಿಂಗಳ ಇಂಟರ್ನ್‌ಶಿಪ್ ಮುಗಿಸಿಯೇ ಹೊರಬರುತ್ತಾರೆ, ಹೊಸ ಕ್ರಮದವರು ಪದವಿ ಪಡೆಯುವುದಕ್ಕೆ ಇನ್ನೂ ಕೆಲವು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಫೇಶಿಯಾ ಚಿಕಿತ್ಸೆ ಕಲಿಯಬೇಕೆನ್ನುವ ಇಲ್ಲಿನ ಪದವೀಧರರಿಗೆ ಶುಕ್ರವಾರ ರಾತ್ರಿಯ ರೈಲೇ ಗತಿ.