ಹಾಡು ಕೇಳುವ ಮೊದಲೇ ದುಡ್ಡು ಕೊಟ್ಟವರು

2001ರಲ್ಲಿ ಬ್ರಿಟನ್ನಿನ ಮರಿಲಿಯನ್ ಬ್ಯಾಂಡ್ ‘ಅನೊರಾಕ್ನೋಫೋಬಿಯಾ’ ಆಲ್ಬಂ ಹೊರತಂದಾಗ ಅದರ ಖರ್ಚನ್ನು ಯಾವ ರೆಕಾರ್ಡ್ ಕಂಪನಿಯೂ ಹೊತ್ತಿರಲಿಲ್ಲ. ಹನ್ನೆರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಮುಂಗಡವಾಗಿ ಹಣ ಕಳಿಸಿದ್ದರು. ಪ್ರಕಟಣಪೂರ್ವ ದರದಲ್ಲಿ ಪುಸ್ತಕ ಕಾದಿರಿಸಿ ರೂಢಿಯಿರುವ ನಮಗೆ ಇದೇನು ಮಹಾ ಅನ್ನಿಸಬಹುದು. ಆದರೆ ಅಲ್ಲಿ ಲೇಖಕ ಬರೆದು ಮುಗಿಸಿರುತ್ತಾನೆ. ಇಲ್ಲಿ ರೆಕಾರ್ಡಿಂಗೇ ಆಗಿರಲಿಲ್ಲ. ಹೀಗೆ ಜನರಿಂದ ಮುಂಗಡ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್ ಶುರುವಾದದ್ದು ಇದಾಗಿ ಎಂಟು ವರ್ಷಕ್ಕೆ.

ಇದರ ಬೇರು 1997ರಲ್ಲಿದೆ. ಅದಕ್ಕೂ ಮೊದಲು, 1985ರಲ್ಲಿ, ತಂಡದ ‘ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್’ ಆಲ್ಬಂ ಬ್ರಿಟಿಷ್ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಮೂರು ವರ್ಷಕ್ಕೆ ಗಾಯಕ ಫಿಶ್ ತಂಡ ಬಿಟ್ಟರು, ಸ್ಟೀವ್ ಹೊಗಾರ್ತ್ ಬಂದರು. ಮಾರಾಟ ಇಳಿಯುತ್ತಾ ಹೋಗಿ 1995ರಲ್ಲಿ ಇಎಂಐ ಎಂಬ ರೆಕಾರ್ಡ್ ಕಂಪನಿ ತಂಡವನ್ನು ಕೈಬಿಟ್ಟಿತು. 1997ರಲ್ಲಿ, ಅಮೆರಿಕ ಪ್ರವಾಸಕ್ಕೆ ಬಂದರೆ ಸುಮಾರು 60 ಸಾವಿರ ಡಾಲರ್ ನಷ್ಟ, ಹಾಗಾಗಿ ಬರಲಾರೆವು ಎಂದು ತಂಡ ಹೇಳಿದಾಗ ಅಲ್ಲಿನ ಅಭಿಮಾನಿಗಳು ತಾವೇ ಖಾತೆ ತೆರೆದು ಅಷ್ಟು ಹಣ ಕೂಡಿಸಿಬಿಟ್ಟರು. ಬೇಡಿದ್ದಲ್ಲ, ತಾನಾಗಿ ಬಂದದ್ದು. ಆ ವರ್ಷ ಪ್ರವಾಸ ನಡೆಯಿತು. ಇಂಥವರು ಆಲ್ಬಮ್ಮಿಗೂ ಮುಂಗಡ ಕೊಟ್ಟಾರೆಂಬ ಧೈರ್ಯ ತಂಡಕ್ಕೆ ಬಂದದ್ದು ಹೀಗೆ. ತಮಾಷೆಯೆಂದರೆ, 2001ರ ಆ ಆಲ್ಬಮ್ಮನ್ನು ಅಂಗಡಿಗಳಿಗೆ ಹಂಚಲು ಬಂದದ್ದು ಅದೇ ಇಎಂಐ. ಹಕ್ಕು ಮಾತ್ರ ಈ ಬಾರಿ ತಂಡದ್ದೇ.

ಈ ಕತೆ ಹೇಳುವವರು ಸಾಮಾನ್ಯವಾಗಿ ದುಡ್ಡಿನ ಲೆಕ್ಕಕ್ಕೇ ನಿಲ್ಲುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಆ ದುಡ್ಡು ಕೊಂಡ ಪುರುಸೊತ್ತು. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ‘ರ‍್ಯಾಕೆಟ್ ಕ್ಲಬ್’ ಎಂಬ ಸ್ವಂತ ಸ್ಟುಡಿಯೋ ಇದೆ. ಐವರೂ ಅಲ್ಲಿ ಕೂತು ಗೊತ್ತುಗುರಿಯಿಲ್ಲದೆ ನುಡಿಸುತ್ತಾರೆ. ಸ್ಟೀವ್ ರಾದರಿ ಗಿಟಾರಿನಲ್ಲಿ ಏನೋ ಹಿಡಿಯುತ್ತಾರೆ, ಮಾರ್ಕ್ ಕೆಲ್ಲಿ ಕೀಬೋರ್ಡಿನಲ್ಲಿ ಅದನ್ನು ಬೇರೆಲ್ಲಿಗೋ ಎಳೆಯುತ್ತಾರೆ, ಹೊಗಾರ್ತ್ ಮೊದಲೇ ಬರೆದಿಟ್ಟ ಸಾಲುಗಳಲ್ಲಿ ಒಂದನ್ನು ಅದಕ್ಕೆ ಕೂಡಿಸಿ ನೋಡುತ್ತಾರೆ. ಎಲ್ಲವೂ ರೆಕಾರ್ಡ್ ಆಗುತ್ತದೆ, ಬಹುಪಾಲು ಜೊಳ್ಳು. ಆ ರಾಶಿಯನ್ನೆಲ್ಲ ಕೇಳಿ ಕಾಳು ಹೆಕ್ಕುವ ಕೆಲಸ ನಿರ್ಮಾಪಕ ಮೈಕ್ ಹಂಟರ್ ಅವರದು. ಆ ತುಣುಕುಗಳನ್ನು ಹೊಲಿದು ಹಾಡಾಗಿಸಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇಕು. ರೇಡಿಯೋಗೆ ಒಗ್ಗುವ ಹಾಡೇ ಬೇಕೆನ್ನುವ ಯಾವ ಕಂಪನಿ ಇದಕ್ಕೆ ಕಾಯುತ್ತದೆ?

ಅಭಿಮಾನಿಗಳು ಕಾಯುತ್ತಾರೆ. ಮುಂಗಡ ಕೊಟ್ಟವರ ಹೆಸರು ಆಲ್ಬಮ್ಮಿನ ಪುಸ್ತಿಕೆಯಲ್ಲಿ ಸಣ್ಣಕ್ಷರದಲ್ಲಿ ಪುಟಗಟ್ಟಲೆ ಅಚ್ಚಾಗುತ್ತದೆ. 2004ರ ‘ಮಾರ್ಬಲ್ಸ್’ ಹೊತ್ತಿಗೆ ಅವರ ಹಣ ಪ್ರಚಾರಕ್ಕೂ ಹೋಯಿತು. ಅದರ ‘ಯು ಆರ್ ಗಾನ್’ ಹಾಡು ಬ್ರಿಟನ್ನಿನಲ್ಲಿ 7ನೇ ಸ್ಥಾನ ಮುಟ್ಟಿತು. ನೆದರ್‌ಲೆಂಡ್ಸ್‌ನ ಪೋರ್ಟ್ ಝೆಲಾಂಡೆಯಲ್ಲಿ ನಡೆಯುವ ‘ಮರಿಲಿಯನ್ ವೀಕೆಂಡ್’ ಎಂಬ ಅಭಿಮಾನಿಗಳ ಕೂಟಕ್ಕೆ ದೇಶದೇಶಗಳಿಂದ ಬಂದು ಸೇರುತ್ತಾರೆ. 2021ರಲ್ಲಿ ಕೋವಿಡ್‌ನಿಂದ ಪ್ರವಾಸ ನಿಂತರೆ ನಷ್ಟಕ್ಕೆ ವಿಮೆಯಿಲ್ಲ ಎಂದಾದಾಗ ಅಭಿಮಾನಿಗಳೇ ಸುಮಾರು ಒಂದೂವರೆ ಲಕ್ಷ ಪೌಂಡ್ ಭದ್ರತೆಗೆಂದು ಎತ್ತಿಟ್ಟರು. ಮರುವರ್ಷ ಬಂದ ಆಲ್ಬಂ 2ನೇ ಸ್ಥಾನಕ್ಕೇರಿತು.

ಆದರೆ ಇದನ್ನು ಯಾರು ಬೇಕಾದರೂ ಮಾಡಬಹುದೆಂಬ ಉಪದೇಶ ನನಗೆ ಒಪ್ಪಿಗೆಯಿಲ್ಲ. ಆ ಹನ್ನೆರಡು ಸಾವಿರ ಮಂದಿಯಲ್ಲಿ ಅನೇಕರು ಎಂಬತ್ತರ ದಶಕದಲ್ಲೇ ಬ್ಯಾಂಡಿನ ಬೆನ್ನು ಹತ್ತಿದವರು. ಆಗ ಆ ಹಾಡುಗಳನ್ನು ರೇಡಿಯೋಗೆ, ಅಂಗಡಿಗೆ ಮುಟ್ಟಿಸಿದ್ದು ಇಎಂಐ ದುಡ್ಡು. ಇವತ್ತು ಶುರುಮಾಡುವ ತಂಡದ ಹಿಂದೆ ಅಂಥ ಹತ್ತು ವರ್ಷಗಳಿಲ್ಲ.