ದೋಟಿ ಬರುವ ಮೊದಲು ಅಡಿಕೆ ಮರ ಹತ್ತಿದವರು

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಈಗ ಕಾರ್ಬನ್ ಫೈಬರ್ ದೋಟಿಯದ್ದೇ ಮಾತು. ದೋಟಿ ಅಂದರೆ ಉದ್ದದ ಕೊಕ್ಕೆಕೋಲು. ನೆಲದಲ್ಲಿ ನಿಂತೇ ಗೊನೆ ಕೊಯ್ಯಬಹುದು, ಮದ್ದೂ ಬಿಡಬಹುದು. ಮರದಿಂದ ಬೀಳುವ ಭಯ ಇಲ್ಲ. ಆದರೆ ದೋಟಿ ಬಂದದ್ದು ಆ ಭಯಕ್ಕಲ್ಲ, ಮರ ಹತ್ತುವ ಜನ ಸಿಗದೆ ಹೋದದ್ದಕ್ಕೆ.

ಹತ್ತುವ ಕೆಲಸ ಇಷ್ಟು ಅಪಾಯದ್ದಾಗಲು, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗವೂ ಒಂದು ಕಾರಣ. ಮೈಸೂರು ಸರ್ಕಾರದ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಇದಕ್ಕೆ ಬೋರ್ಡೋ ದ್ರಾವಣವೇ ಮದ್ದು ಎಂದು ತೋರಿಸಿಕೊಟ್ಟರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇವತ್ತಿಗೂ ಅದೇ ಲೆಕ್ಕ. ಬೆಳೆ ಉಳಿಯಿತು, ಸರಿ. ಆದರೆ ಮಳೆ ಹಿಡಿಯುವ ಮೊದಲು ಒಂದು ಸಲ ಮದ್ದು ಬಿಟ್ಟರೆ ಸಾಲದು. 40-45 ದಿನ ಕಳೆದು ಮತ್ತೆ ಬಿಡಬೇಕು. ಅಂದರೆ ನಡು ಮಳೆಗಾಲ! ಕಾಂಡ ಪಾಚಿಗಟ್ಟಿ ಜಾರುವ ಹೊತ್ತಿಗೇ ಮರ ಹತ್ತಬೇಕು.

ಹಳೆ ಮರ ಅಂದರೆ 15-20 ಮೀಟರ್ ಎತ್ತರ. ಕಾಲಿಗೊಂದು ತಳೆ (ಹತ್ತುವಾಗ ಪಾದಕ್ಕೆ ಹಾಕುವ ಬಳೆ), ಕೈಯಲ್ಲಿ ಪೈಪು, ಕಣ್ಣಿಗೆ ಮುಖಕ್ಕೆ ಹಾರುವ ಮದ್ದು. ಪ್ರತಿ ಮರ ಹತ್ತಿ ಇಳಿದರೆ ದಿನ ಸಾಲುವುದಿಲ್ಲ. ಹಾಗಾಗಿ ಮರವನ್ನೇ ಬಾಗಿಸಿ ಪಕ್ಕದ್ದಕ್ಕೆ ದಾಟುವುದು. ನೈಋತ್ಯದ ಬಿಸಿಲು ಹೊಡೆದು ಸೀಳಿದ ಮರವಾದರೆ ಹಾಗೆ ದಾಟುವಾಗಲೇ ಮುರಿಯಬಹುದು. ಇದನ್ನು ನೋಡಿ ನಾವೆಲ್ಲ ಸುಮ್ನೆ 'ಎಂಥಾ ಧೈರ್ಯ' ಅಂದೆವು, ಸೊಂಟಕ್ಕೊಂದು ಬೆಲ್ಟ್ ಕೊಡಿಸಲಿಲ್ಲ.

ಕಾನೂನು ಇರಲಿಲ್ಲ ಅಂತಲ್ಲ. 1948ರ ಕಾಯ್ದೆ ಇದ್ದದ್ದು ಕಾರ್ಖಾನೆಗಳಿಗೆ. 1951ರ ತೋಟ ಕಾರ್ಮಿಕರ ಕಾಯ್ದೆ ಬಂದದ್ದು ಚಹಾ, ಕಾಫಿ, ರಬ್ಬರಿನಂಥ ದೊಡ್ಡ ಎಸ್ಟೇಟುಗಳಿಗೆ. ಎರಡು ಎಕರೆ ಅಡಿಕೆ ತೋಟ ಅದರ ಲೆಕ್ಕಕ್ಕೆಲ್ಲಿ ಬರುತ್ತಿತ್ತು? ಹತ್ತುವವರು ಇವತ್ತು ಒಂದು ಮನೆ, ನಾಳೆ ಇನ್ನೊಂದು ಮನೆ. ಬಿದ್ದರೆ ಆ ದಿನದ ಮನೆಯವರು ಕೈಲಾದಷ್ಟು ಕೊಡಬೇಕು, ಉಳಿದದ್ದು ಊರವರು ಸೇರಿಸಬೇಕು. ಅಂಥ ಮನೆಯ ಮಕ್ಕಳು ಈ ಕೆಲಸ ಬೇಡ ಅಂದದ್ದರಲ್ಲಿ ಏನು ತಪ್ಪು, ಅಲ್ವಾ?

ಆಮೇಲೆ ಯಂತ್ರಗಳ ಹುಡುಕಾಟ ಜೋರಾಯಿತು. 2009ರಲ್ಲಿ ಪುತ್ತೂರಿನಲ್ಲಿ ಅಡಿಕೆ ಯಂತ್ರಮೇಳ ನಡೆಯಿತು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಯುವಕ ಯುವತಿಯರಿಗೆ ಯಂತ್ರದಲ್ಲಿ ತೆಂಗಿನ ಮರ ಹತ್ತುವ ತರಬೇತಿ ಶುರು ಮಾಡಿತು. ತೆಂಗು ಹತ್ತುವವರಿಗೆ ಅಪಘಾತ ವಿಮೆಯನ್ನೂ ತಂದಿತು. ಅಡಿಕೆಗೆ ಯಂತ್ರ ಅಷ್ಟು ಒಗ್ಗಲಿಲ್ಲ. ಒತ್ತಾಗಿರುವ ನೂರಾರು ಮರಗಳಿಗೆ ಒಂದೊಂದಾಗಿ ಯಂತ್ರ ಕಟ್ಟಿ ಬಿಚ್ಚುವಷ್ಟರಲ್ಲಿ ಸಂಜೆಯಾಗುತ್ತದೆ. ವಿಟ್ಲದ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ಕೇಂದ್ರದ ಗಿಡ್ಡ ಅಡಿಕೆ ತಳಿಗಳೂ ಇವೆ, ಆದರೆ ಇರುವ ತೋಟ ಕಡಿದು ಯಾರು ನೆಡುತ್ತಾರೆ?

ಹಾಗಾಗಿ ದೋಟಿಯೇ ಗೆದ್ದಿತು. ಕತ್ತು ನೋವು, ತಲೆ ಮೇಲೆ ಬೀಳುವ ಗೊನೆ ಇದ್ದದ್ದೇ, ಹೆಲ್ಮೆಟ್ ಬೇಕು. ಅದಕ್ಕಿಂತ ದೊಡ್ಡ ಅಪಾಯ ಕರೆಂಟಿನದ್ದು. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿದರೆ ಸಾವು ಅಂತ ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರಿಗೆ ಶಾಕ್ ಇಲ್ಲ ಅಂದುಕೊಂಡವರು ಜಾಸ್ತಿ. ಅದರಲ್ಲೂ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹೋಗಿದ್ದರೆ, ಆ ಸಾಲಿನ ಮರಗಳಿಗೆ ದೋಟಿ ಎತ್ತುವ ಮೊದಲು ಲೈನ್ ಆಫ್ ಮಾಡಿಸಲೇಬೇಕು.