ಗುದನಾಳದ ಕ್ಯಾನ್ಸರ್: ಊರಿನ ಸರ್ಜನ್ ಸಾಕೇ, ತಜ್ಞರ ಬಳಿಗೇ ಹೋಗಬೇಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ ಗುದನಾಳದ ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ಖಚಿತವಾಗಿದೆ. ಇಲ್ಲಿನ ಜನರಲ್ ಸರ್ಜನ್ ಮುಂದಿನ ವಾರವೇ ಆಪರೇಷನ್ ಮಾಡೋಣ ಎನ್ನುತ್ತಿದ್ದಾರೆ. ಬೆಂಗಳೂರಿನ ಕ್ಯಾನ್ಸರ್ ತಜ್ಞರ ಬಳಿಗೇ ಹೋಗಬೇಕೇ?

ಉತ್ತರ: ತುರ್ತು ಪರಿಸ್ಥಿತಿ ಇಲ್ಲದಿದ್ದರೆ, ಹೋಗುವುದೇ ಒಳ್ಳೆಯದು. ಎಲ್ಲ ಕ್ಯಾನ್ಸರ್‌ಗಳ ಬಗ್ಗೆಯೂ ಇಷ್ಟು ಖಡಾಖಂಡಿತವಾಗಿ ಹೇಳಲಾಗದು, ಆದರೆ ಗುದನಾಳದ ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್ನರ ಕೈಪಳಗಿಕೆಯ ವ್ಯತ್ಯಾಸ ಫಲಿತಾಂಶದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇದಕ್ಕೆ ಕಾರಣ ಆ ಅಂಗ ಇರುವ ಜಾಗ. ಸೊಂಟದ ಎಲುಬುಗಳ ನಡುವಿನ ಇಕ್ಕಟ್ಟಿನಲ್ಲಿರುವ ಗುದನಾಳದ ಸುತ್ತ ಕೊಬ್ಬಿನ ಪದರವಿದ್ದು, ಕ್ಯಾನ್ಸರ್ ಮೊದಲು ಹರಡುವ ದುಗ್ಧಗ್ರಂಥಿಗಳು (ಲಿಂಫ್ ನೋಡ್‌ಗಳು) ಅದರೊಳಗೇ ಇರುತ್ತವೆ. ಆ ಕೊಬ್ಬನ್ನು ತೆಳುವಾದ ಪೊರೆಯೊಂದು ಪೊಟ್ಟಣದಂತೆ ಸುತ್ತಿಕೊಂಡಿರುತ್ತದೆ. ಹಿಂದೆ ಸರ್ಜನ್‌ಗಳು ಕೈ ಒಳಗಿಟ್ಟು, ಬಹುಮಟ್ಟಿಗೆ ಕಾಣದೆಯೇ, ಗುದನಾಳವನ್ನು ಬಿಡಿಸುತ್ತಿದ್ದುದರಿಂದ ಪೊರೆ ಹರಿದು ಕೊಬ್ಬಿನ ತುಣುಕುಗಳು ಒಳಗೇ ಉಳಿಯುತ್ತಿದ್ದವು. ರೋಗ ಅಲ್ಲಿಂದಲೇ ಮರುಕಳಿಸುತ್ತಿತ್ತು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಪ್ರಕಟಿಸಿದ ಬರಹದಲ್ಲಿ, ಪೊರೆಯ ಹೊರಮೈಗುಂಟ ಕಣ್ಣಿಗೆ ಕಾಣುವಂತೆ ಕತ್ತರಿಸುತ್ತ ಹೋಗಿ ಇಡೀ ಪೊಟ್ಟಣವನ್ನು ಒಡೆಯದೆ ತೆಗೆಯಬೇಕೆಂದು ವಾದಿಸಿದರು. ಕತ್ತರಿ ಹೊರಗಡೆಗೆ ತುಸು ಸರಿದರೂ ಮೂತ್ರ ಮತ್ತು ಲೈಂಗಿಕ ಕ್ರಿಯೆಯನ್ನು ನಿಯಂತ್ರಿಸುವ ನರಗಳಿಗೆ ಪೆಟ್ಟಾಗಬಹುದು.

1990ರ ದಶಕದಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ಪ್ರಾಂತ್ಯದ ಸರ್ಜನ್‌ಗಳಿಗೆ ಈ ವಿಧಾನವನ್ನು ಕಾರ್ಯಾಗಾರಗಳಲ್ಲಿ ಕಲಿಸಲಾಯಿತು. ಅದರ ಫಲಿತಾಂಶ 2000ರಲ್ಲಿ ಪ್ರಕಟವಾಯಿತು: ಎರಡು ವರ್ಷಗಳೊಳಗೆ ಅದೇ ಜಾಗದಲ್ಲಿ ರೋಗ ಮರುಕಳಿಸುವುದು ಸುಮಾರು ಶೇ. 15ರಿಂದ ಶೇ. 6ಕ್ಕೆ ಇಳಿದಿತ್ತು, ಹೊಟ್ಟೆಯ ಮೇಲೆ ಶಾಶ್ವತವಾಗಿ ಮಲದ ಚೀಲ ಇಟ್ಟುಕೊಳ್ಳಬೇಕಾದವರ ಪ್ರಮಾಣವೂ ಅರ್ಧದಷ್ಟಾಗಿತ್ತು. ಹೋಲಿಕೆ ಮಾಡಿದ್ದು ಹಿಂದಿನ ವರ್ಷಗಳ ರೋಗಿಗಳೊಂದಿಗೆ, ಆದ್ದರಿಂದ ಪೂರ್ತಿ ಶ್ರೇಯಸ್ಸನ್ನು ತರಬೇತಿಗೇ ಕೊಡಲಾಗದು. ಆದರೂ ನನಗೆ ಮುಖ್ಯವಾಗಿ ಕಾಣುವುದು, ಅಲ್ಲಿ ಬದಲಾದದ್ದು ಸರ್ಜನ್ನರ ಪದವಿಯಲ್ಲ, ಅವರು ಮಾಡುವ ಕೆಲಸದ ರೀತಿ.

ನಮ್ಮಲ್ಲಿ ಜನರಲ್ ಸರ್ಜರಿಯಲ್ಲಿ ಎಂ.ಎಸ್. ಮುಗಿಸಿದವರು ಮತ್ತೆ ಮೂರು ವರ್ಷ ಓದಿ ಸರ್ಜಿಕಲ್ ಆಂಕಾಲಜಿಯಲ್ಲಿ, ಅಂದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ, ಎಂ.ಸಿಎಚ್. ಪದವಿ ಪಡೆಯುತ್ತಾರೆ. ಆ ಪದವಿ ಒಳ್ಳೆಯ ಸೂಚನೆಯೇ, ಆದರೆ ಬೋರ್ಡು ನೋಡಿ ಸುಮ್ಮನಾಗದೆ, ವರ್ಷಕ್ಕೆ ಗುದನಾಳದ ಶಸ್ತ್ರಚಿಕಿತ್ಸೆಗಳನ್ನೇ ಎಷ್ಟು ಮಾಡುತ್ತೀರಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಕೇಂದ್ರಕ್ಕೆ ಹೋಗುವುದರ ದೊಡ್ಡ ಲಾಭ ಆಪರೇಷನ್‌ಗೂ ಮೊದಲೇ ಸಿಗುತ್ತದೆ. ಎಂ.ಆರ್.ಐ. ನೋಡಿ, ಗಡ್ಡೆ ಪೊರೆಯ ಅಂಚಿನವರೆಗೆ ಬಂದಿದ್ದರೆ ಮೊದಲು ವಿಕಿರಣ ಮತ್ತು ಕಿಮೋಥೆರಪಿ ಕೊಟ್ಟು ಅದನ್ನು ಕುಗ್ಗಿಸಬೇಕೇ ಎಂದು ಸರ್ಜನ್ ಮತ್ತು ವಿಕಿರಣ ತಜ್ಞರು ಕೂಡಿ ತೀರ್ಮಾನಿಸುತ್ತಾರೆ. ಅವಸರದಲ್ಲಿ ಮೊದಲೇ ಆಪರೇಷನ್ ಮುಗಿಸಿದರೆ ಈ ಅವಕಾಶ ಕೈತಪ್ಪುತ್ತದೆ. ತಜ್ಞರ ಅಭಿಪ್ರಾಯಕ್ಕಾಗಿ ಒಂದೆರಡು ವಾರ ತಡವಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಆದರೆ ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವಾಗಲಿ ಗಾಳಿಯಾಗಲಿ ಹೋಗದಿದ್ದರೆ ಪ್ರಯಾಣದ ಯೋಚನೆ ಬೇಡ, ಹತ್ತಿರದ ಸರ್ಜನ್ ಬಳಿಗೇ ಹೋಗಿ. ಸಾಧ್ಯವಿದ್ದಲ್ಲಿ ಅವರು ಗಡ್ಡೆಗೆ ಕೈಹಾಕದೆ, ಕರುಳನ್ನು ಹೊಟ್ಟೆಯ ಮೇಲಕ್ಕೆ ತೆರೆದು ಮಲಕ್ಕೆ ದಾರಿ ಮಾಡಿಕೊಡುತ್ತಾರೆ. ಕ್ಯಾನ್ಸರ್‌ನ ಆಪರೇಷನ್ ಅನ್ನು ಆಮೇಲೆ ತಜ್ಞರ ಬಳಿ ಮಾಡಿಸಬಹುದು.